ಹದಿನೇಳನೆಯ ಮೆಟ್ಟಿಲು

ಎಸ್.ಪಿ. ರೋಡಿನಲ್ಲಿ ಸ್ವಿಚ್ಚಿಗೇನು ಬರವಿಲ್ಲ.
ಕಡಲೆಕಾಯಿಯ ಹಾಗೆ ಬುಟ್ಟಿಗೆ ಸುರಿದಿರುತ್ತಾರೆ,
ಟಾಗಲ್ಲು, ರಾಕರ್ರು, ಒತ್ತುವುದು, ಜಾರುವುದು,
ಒಂದಕ್ಕೆ ಹನ್ನೆರಡು, ಡಜನ್ನಿಗೆ ನೂರಿಪ್ಪತ್ತು.
ನೋಡಲು ಎಲ್ಲವೂ ಮದುವೆಗೆ ಹೊರಟ ಹಾಗೆ ಫಳಫಳ.
ಕಿವಿಯ ಹತ್ತಿರ ಹಿಡಿದು ಒತ್ತಬೇಕು ಸ್ವಾಮಿ,
ಆಗ ಗೊತ್ತಾಗುತ್ತದೆ
ಯಾವುದು ಚಕ್ಕುಲಿ, ಯಾವುದು ನೆನೆದ ಹಪ್ಪಳ.

ನನಗೆ ಬೇಕಾದದ್ದು ಇಷ್ಟೇ:
ತಿರುಗುವ ಸ್ವಿಚ್ಚು, ಇಪ್ಪತ್ತನಾಲ್ಕು ಮೆಟ್ಟಿಲು,
ಎಡಗಿವಿಗೊಂದು ಸಾಲು, ಬಲಗಿವಿಗೊಂದು.
ಹಗಲೆಲ್ಲ ಯಶವಂತಪುರದಲ್ಲಿ ಝೆರಾಕ್ಸು ತೆಗೆಯುತ್ತೇನೆ,
ಆಧಾರು, ಮಾರ್ಕ್ಸ್ ಕಾರ್ಡು, ಬಾಡಿಗೆ ಕರಾರು.
ರಾತ್ರಿ ಹತ್ತರ ಮೇಲೆ ಆಂಪ್ಲಿಫೈಯರು.
ಬಿಸ್ಕತ್ತಿನ ಡಬ್ಬಿಯಲ್ಲಿ ಹುಟ್ಟಿದ್ದು
ಈಗ ಮುರಿದ ಮಂಚದ ಹಲಗೆಯ ಪೆಟ್ಟಿಗೆಗೆ
ಬಡ್ತಿ ಪಡೆದಿದೆ.
ಮುಂದುಗಡೆ, ನಟ್ಟನಡುವೆ, ಒಂದು ತೂತು ಖಾಲಿ.

ಅಲ್ಲಿದ್ದದ್ದು ಮೂವತ್ತೈದು ರೂಪಾಯಿಯ ವಾಲ್ಯೂಮು.
ಒಂದು ಮಳೆಗಾಲ ತಡೆಯಲಿಲ್ಲ.
ತಿರುಗಿಸಿದರೆ ಸಾಕು, ತಂಬೂರಿಯ ಪಕ್ಕದಲ್ಲೇ ಕೂತು
ಯಾರೋ ಅವರೆಕಾಯಿ ಬಿಡಿಸಿದ ಹಾಗೆ
ಕರಕರ.

ಹುಕುಮ್‌ಚಂದರು ಗಾಜಿನಡಿಯಿಂದ ಮಖಮಲ್ಲಿನ ಡಬ್ಬಿ ತೆಗೆದರು.
"ಜಪಾನ್ ಮಾಲು, ಬೆಳ್ಳಿ ಕಾಂಟ್ಯಾಕ್ಟು. ಮೂರೂವರೆ ಸಾವಿರ."
ನಾನು ಚಿನಿವಾರರ ಅಂಗಡಿಗೆ ಬಂದಿಲ್ಲ, ಅಂದೆ.
"ಹಂಗಾದ್ರೆ ಇದು ತಗೊಳ್ಳಿ. ಸೇಮ್ ಟು ಸೇಮ್. ನೂರೈವತ್ತು."
ಆ ಸೇಮಿಗೂ ಈ ಸೇಮಿಗೂ ನಡುವೆ
ಈ ಊರಲ್ಲಿ ಎಷ್ಟು ಜನ ಸಂಸಾರ ಹೂಡಿದ್ದೇವೋ.

ಭಾನುವಾರದ ಗುಜರಿ ಸಂತೆ, ಬೆಳಿಗ್ಗೆ ಆರೂವರೆ.
ತೂತು ಬಿದ್ದ ಟಾರ್ಪಾಲಿನ ಮೇಲೆ
ಮಿಕ್ಸಿಯ ಜಾರುಗಳು, ಒಂಟಿ ಶೂ, ಗೋಡೆ ಗಡಿಯಾರ,
ನಡುವೆ ಬೂದು ಬಣ್ಣದ ಒಂದು ಟೆಸ್ಟ್ ಮೀಟರು,
ಮುಳ್ಳು ಮುರಿದದ್ದು.
ಗುಂಡಿ ತಿರುಗಿಸಿದೆ. ಬೆರಳಿಗೆ ಮೊದಲು ತಿಳಿಯಿತು,
ಕಿವಿಗೆ ಆಮೇಲೆ.
ಇನಾಯತ್ ತೂಕಕ್ಕಿಟ್ಟ: ಕಿಲೋ ಎಂಬತ್ತು, ಐದು ಕಿಲೋ.
ಚೌಕಾಸಿ ಮಾಡಿ ಮುನ್ನೂರೈವತ್ತಕ್ಕೆ ಇಳಿಸಿದೆ.

ಚಿಕ್ಕಪೇಟೆ ಮೆಟ್ರೋದಲ್ಲಿ ಚೀಲ ನಿಲ್ಲಿಸಿದರು.
"ಏನಿದು?"
"ಸ್ವಿಚ್ಚು."
"ಇಷ್ಟು ದೊಡ್ಡದಾ?"
"ಒಳಗಿದೆ ಮೇಡಂ."
ಆಕೆ ಮೀಟರನ್ನೂ ನನ್ನನ್ನೂ ಒಂದೇ ಕನಿಕರದಿಂದ ನೋಡಿ
ಒಳಗೆ ಬಿಟ್ಟರು.

ಮೂರನೇ ಮನೆಯ ಫಿಲೋಮಿನಮ್ಮ
ದೂರವಾಣಿನಗರದ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂದು ವರ್ಷ
ರಿಲೇ ಜೋಡಿಸಿದವರು. ಕನ್ನಡಕ ತೆಗೆದಿಟ್ಟು
(ಇಂಥದ್ದಕ್ಕೆ ಕಣ್ಣು ಬೇಡ ಅನ್ನುತ್ತಾರೆ)
ಸ್ವಿಚ್ಚನ್ನು ಮಡಿಲಲ್ಲಿಟ್ಟು ತಿರುಗಿಸಿದರು.
"ಒಳ್ಳೇ ಜಾತೀದು ಕಣಪ್ಪ. ಮುಂದಿಂದನ್ನ ಮುಟ್ಟಿ
ಆಮೇಲೆ ಹಿಂದಿಂದನ್ನ ಬಿಡತ್ತೆ.
ಅಗ್ಗದ್ದು ಮೊದಲೇ ಕೈ ಬಿಟ್ಟುಬಿಡತ್ತೆ,
ಅದಕ್ಕೇ ಸ್ಪೀಕರು ಟಪ್ ಅನ್ನೋದು.
ಸ್ಪಿರಿಟ್ಟಲ್ಲಿ ತೊಳಿ. ಹಳೇ ಹಲ್ಲುಜ್ಜೋ ಬ್ರಶ್ಶು ಸಾಕು.
ಉಪ್ಪುಕಾಗದ ಮುಟ್ಟಿಸೀಯ, ಜೋಕೆ."
ಮತ್ತೆ ಮೊದಲಿಂದ ತಿರುಗಿಸಿ, ತುಟಿಯಲ್ಲೇ ಎಣಿಸಿ,
"ಹದಿನೇಳನೇದು ಸೋತಿದೆ," ಅಂದರು.

ನಲವತ್ತೆಂಟು ರೆಸಿಸ್ಟರು, ತಲಾ ಎರಡು ರೂಪಾಯಿ.
ಬೆಸುಗೆಯ ಹೊಗೆಗೆ ಕಿಟಕಿ ತೆಗೆದಿಟ್ಟು
ಮೂರು ರಾತ್ರಿ ಕೂತೆ. ನಾಲ್ಕನೆಯ ರಾತ್ರಿ
ತೂತು ತುಂಬಿತು.
ಒಂದೊಂದೇ ಮೆಟ್ಟಿಲು ಹತ್ತಿಸಿದೆ ಪಿಟೀಲನ್ನು,
ಎಲ್ಲೂ ಎಡವಲಿಲ್ಲ,
ಹದಿನಾರರ ತನಕ.

ಹದಿನೇಳರಲ್ಲಿ ಏನೂ ಇಲ್ಲ.
ಬಿಚ್ಚಿ ಸರಿಮಾಡಬಹುದಿತ್ತು. ಮಾಡುತ್ತೇನೆ ಅಂದುಕೊಂಡೆ,
ಅಂದುಕೊಂಡು ಹಾಗೇ ಕೂತಿದ್ದೆ.
ಪಿಟೀಲು ಇಲ್ಲದ ಆ ಒಂದು ಹಲ್ಲಿನಲ್ಲಿ
ಯಶವಂತಪುರದ ಯಾರ್ಡಿಗೆ ಗೂಡ್ಸು ಬರುತ್ತಿತ್ತು,
ಒಂದು ಡಬ್ಬಿ ಇನ್ನೊಂದಕ್ಕೆ ತಗುಲುವುದು
ಅಲ್ಲಿಂದ ಇಲ್ಲಿಯವರೆಗೆ
ಬಹಳ ಸ್ವಚ್ಛವಾಗಿ ಕೇಳಿಸಿತು.