ಕೆಂಪು ನೀರು ಬಂದ ಗಂಟೆ

ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಾರೆ ನಮ್ಮಲ್ಲಿ.
ಸೂರ್ ಪಟ್ಟಣದ ದಂಡೆಯ ಈ ಸ್ಥಾವರದಲ್ಲಿ
ಗಾದೆಗೂ ಒಂದು ಒಪ್ಪಂದಪತ್ರವಿದೆ:
ಮುನ್ನೂರ ನಲವತ್ತು ಪುಟ, ಇಪ್ಪತ್ತೈದು ವರ್ಷ.
ಊರು ಕುಡಿಯಲಿ, ಬಿಡಲಿ,
ನೀರಿನ ಬಾಬ್ತು ತಿಂಗಳ ಕೊನೆಗೆ ಬಂದುಬಿಡಬೇಕು.
ಯಾರು ತಿಂದ ಉಪ್ಪಿಗೆ ಯಾರ ನೀರು
ಅಂತ ಮಾತ್ರ ಅದರಲ್ಲಿ ಬರೆದಿಲ್ಲ.

ನಾನು ರಾತ್ರಿ ಪಾಳಿಯ ಕೆಮಿಸ್ಟ್.
ಸಾಣಿಕಟ್ಟೆಯ ಆಗರದಲ್ಲಿ ನನ್ನಜ್ಜಿ ಬೀರಮ್ಮ
ಕಡಲನ್ನು ಬಿಸಿಲಿಗೆ ಹರವಿ
ನೀರು ಹೋಗಲಿ, ಉಪ್ಪು ಉಳಿಯಲಿ ಅಂದವಳು.
ನಾನು ಅದೇ ಕಡಲಿನ ಈಚೆ ದಡದಲ್ಲಿ
ಅದನ್ನು ಪೊರೆಗಳೊಳಗೆ ನೂಕಿ
ನೀರು ಉಳಿಯಲಿ, ಉಪ್ಪು ಹೋಗಲಿ ಅನ್ನುವವಳು.
ಅವಳ ಅಂಗಾಲು ಒಡೆದಿತ್ತು.
ನನಗೆ ಕಂಪನಿಯ ಬೂಟು ಇದೆ.

ಮೊನ್ನೆ ಸಾಲ ಕೊಟ್ಟ ಬ್ಯಾಂಕುಗಳವರು ಬಂದಿದ್ದರು,
ಹಳದಿ ಹೆಲ್ಮೆಟ್ಟು ಕಿವಿಯವರೆಗೆ ಇಳಿದು.
ಅವರು ಛಾವಣಿಯ ಸೌರಫಲಕ ಎಣಿಸಿದರು,
ನಾನು ಅವರ ಬಾಯಿಂದ ಬಂದ 'ಸುಸ್ಥಿರ'ಗಳನ್ನು:
ಹನ್ನೊಂದು.
ಉಳಿದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ, ಒಬ್ಬಳು ಕೇಳಿದಳು.
ಕಡಲಿಗೆ, ಅಂದೆ.
ಬರೆದುಕೊಂಡಳು.
ಕಡಲು ದೊಡ್ಡದು ಬಿಡಿ, ಅಂತ ಅವಳ ಸಾಹೇಬ ನಕ್ಕ.

ಖಮೀಸ್‌ನದು ನೀಲಿ ಟ್ಯಾಂಕರು.
ಮುಂಚೆ ಬಾವಿನೀರು ಮಾರುತ್ತಿದ್ದ,
ಈಗ ನಮ್ಮ ನೀರು ಹೇರಿಕೊಂಡು ಗುಡ್ಡದ ಹಳ್ಳಿಗಳಿಗೆ ಹೊರಡುತ್ತಾನೆ.
"ನಿಮ್ಮ ನೀರಿಗೆ ರುಚಿಯೇ ಇಲ್ಲ, ಮಗಳೇ.
ಆದರೆ ನನ್ನ ಹೆಂಡತಿಗೆ ಮತ್ತೆ ಕಲ್ಲು ಕಟ್ಟಲಿಲ್ಲ ಹೊಟ್ಟೆಯಲ್ಲಿ."
ದೂರೋ ಹೊಗಳಿಕೆಯೋ,
ಎರಡರ ಜೊತೆಗೂ ಖರ್ಜೂರ ಕೊಡುತ್ತಾನೆ.

ಆ ರಾತ್ರಿ ಕಡಲು ಕೆಂಪಾಯಿತು.
ಪಾಚಿ.
ದೃಷ್ಟಿ ತೆಗೆಯುವ ಕುರುದಿ ನೀರು
ಯಾರೋ ತಟ್ಟೆ ತಟ್ಟೆಯಾಗಿ ಸುರಿದ ಹಾಗೆ.
ಸೋಸುಗಗಳು ಕಟ್ಟಿಕೊಂಡವು. ಪಂಪು ನಿಲ್ಲಿಸಿದೆ.
ಗಡಿಯಾರದಲ್ಲಿ ಹನ್ನೊಂದು ನಲವತ್ತು.

"ಹನ್ನೆರಡು ದಾಟಿದ ಮೇಲೆ ಅಂತ ಬರಿ, ಶೇವಂತಿ,"
ಫೋನಿನಲ್ಲಿ ಮ್ಯಾನೇಜರು.
ಕಲಂ ಅರವತ್ತೆರಡು, ದೈವಾಧೀನ.
ಈ ತ್ರೈಮಾಸಿಕದಲ್ಲಿ ದೈವಕ್ಕೆ ಬಿಟ್ಟ ದಿನಗಳೆಲ್ಲ ಮುಗಿದಿವೆ,
ಹೊಸವು ನಡುರಾತ್ರಿಯಿಂದ.
ಈಚೆಗೆ ಬರೆದರೆ ಕಂಪನಿಗೆ ದಂಡ,
ಆಚೆಗೆ ಬರೆದರೆ ಊರು ಕೊಡುತ್ತದೆ, ಬಾರದ ನೀರಿಗೂ.
"ಇಪ್ಪತ್ತೇ ನಿಮಿಷ ಅಲ್ಲವೇನಮ್ಮಾ."

ಹೊರಗೆ ಬಂದೆ.
ಖಮೀಸ್ ಟ್ಯಾಂಕರಿಗೆ ಒರಗಿ ಬೀಡಿ ಹುಡುಕುತ್ತಿದ್ದ.
ನೀರಿಲ್ಲ, ಅಂದೆ.
"ಗೊತ್ತು. ಮಗ್ರಿಬ್ ನಮಾಜಿನ ಹೊತ್ತಿಗೇ ವಾಸನೆ ಬಂತು.
ನಿಮ್ಮ ಯಂತ್ರಕ್ಕೆ ಮೂಗಿಲ್ಲವಾ?"
ಹಳೇ ಬಾವಿಯ ಹಗ್ಗ ಇನ್ನೂ ಸೀಟಿನ ಹಿಂದೆಯೇ ಇತ್ತು.
ಎಳೆದು ನೋಡಿದ, ಗಟ್ಟಿಯಾಗಿತ್ತು.
ಬಾವಿಯ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಒಳಗೆ ಬಂದು ಬರೆದೆ: ಹನ್ನೊಂದು ನಲವತ್ತು.
ಷರಾ ಕಾಲಮ್ಮಿನಲ್ಲಿ:
ಟ್ಯಾಂಕರ್ ಚಾಲಕನ ಪ್ರಕಾರ ಸೂರ್ಯಾಸ್ತಕ್ಕೂ ಮೊದಲೇ
ಅಂತ ಬರೆದು, 'ಮೊದಲೇ' ಹೊಡೆದು ಹಾಕಿದೆ.
ಅವನು ಹಾಗೆ ಹೇಳಿರಲಿಲ್ಲ.

ಶಾಯಿ ಆರಲಿ ಅಂತ ಪುಟ ಹರವಿ ಕೂತೆ.
ಗಾಳಿಯ ತುಂಬ ಉಪ್ಪು.
ಬೇಗ ಆರಲಿಲ್ಲ.