ಫಲಾನುಭವಿ, ಕ್ರಮಸಂಖ್ಯೆ ಅರವತ್ತೊಂದು

ಪಟ್ಟಿ ಟೈಪು ಮಾಡಿದ್ದು ನಾನೇ.
ಸಾಮಾಜಿಕ ಹೊಣೆಗಾರಿಕೆ ನಿಧಿ, ಬೈತಖೋಲ ಮೀನು ಮಾರುಕಟ್ಟೆ,
ಒಟ್ಟು ಫಲಾನುಭವಿಗಳು ಎಂಬತ್ತನಾಲ್ಕು.
ಅರವತ್ತೊಂದನೆಯ ಸಾಲಿಗೆ ಬಂದಾಗ ಬೆರಳು ತುಸು ನಿಂತಿತು:
ಶೇವಂತಿ ಪರಸು ದುರ್ಗೇಕರ, ಐವತ್ತೆಂಟು, ಮೀನು ಮಾರಾಟ.
ಟೈಪು ಮಾಡುವವಳಿಗೆ ಏನಾಗಬೇಕು ಎಂಬ ಕಾಲಮ್ಮು
ಆ ನಮೂನೆಯಲ್ಲಿ ಇರಲಿಲ್ಲ.
ಅರವತ್ತೆರಡಕ್ಕೆ ಹೋದೆ.

ಗುಡ್ಡದ ಆಚೆ ನಮ್ಮ ಕಾರ್ಖಾನೆ.
ಗಾಳಿ ತಿರುಗಿದ ದಿನ ಅದರ ಘಾಟು
ಆಯಿಯ ಬುಟ್ಟಿಯ ತನಕ ಬರುತ್ತದೆ.
ಬುಟ್ಟಿಯ ವಾಸನೆ ಆಫೀಸಿನ ತನಕ ಬಂದೀತೆಂದು
ಎರಡು ಸಲ ಸೋಪು ಹಚ್ಚಿ ಮೀಯುವವಳು ನಾನು.

ಉದ್ಘಾಟನೆ ಭಾನುವಾರ. ನೀಲಿ ಟೀಶರ್ಟು, ಬೆನ್ನ ಮೇಲೆ ಕಾಳಜಿ.
ಸ್ವಯಂಸೇವಕರು ಅಂದರೆ
ಹಾಜರಿ ಕೂಗಿದಾಗ ಎಸ್ ಸರ್ ಅನ್ನುವವರು.
ರಾತ್ರಿ ಪಾಳಿ ಮುಗಿಸಿ ಸೀದಾ ಬಂದ ಮಾಬ್ಲು ಪಡ್ತಿ
ಪೊರಕೆಗೆ ಗಲ್ಲ ಕೊಟ್ಟು ನಿಂತಲ್ಲೇ ತೂಕಡಿಸಿದ,
ಎಚ್ಚರಾಗಿ ತಲೆ ಎತ್ತಿ ಫ್ಯಾನು ಎಣಿಸಿದ. ಹದಿನಾರು.
‘ನಮ್ಮ ಪ್ಲಾಂಟಿಗೆ ಒಂದು ಕೇಳಿ ಮೂರು ಅರ್ಜಿ ಆಯ್ತು’ ಅಂದ.
ನಗಲಿಲ್ಲ, ಬೈಯಲೂ ಇಲ್ಲ.
‘ಇರಲಿ ಬಿಡು, ನನ್ನ ಹೆಂಡತಿಯೂ ಇಲ್ಲೇ ಅಲ್ವಾ ಕೂರೋದು.’

ಕೂರುವುದೆಲ್ಲಿ?
ನಕ್ಷೆ ಪುಣೆಯಿಂದ ಬಂದದ್ದು. ಸೊಂಟದೆತ್ತರದ ಗ್ರಾನೈಟ್ ಕಟ್ಟೆ,
ಮುಖ ನೋಡಿಕೊಳ್ಳುವಷ್ಟು ನುಣುಪು.
ಮೆಟ್ಟುಗತ್ತಿಗೆ ಮೆಟ್ಟುವ ಕಾಲು ಬೇಕು,
ಕಾಲಿಗೆ ನೆಲ ಬೇಕು,
ಇಷ್ಟು ಗೊತ್ತಿರುವ ಎಂಬತ್ತನಾಲ್ಕು ಮಂದಿಯನ್ನು
ಯಾರೂ ಒಂದು ಮಾತು ಕೇಳಿರಲಿಲ್ಲ.
ಫೋಟೋ ಆಗುವವರೆಗೆ ನಿಂತರು.
ಕಾರುಗಳು ಹೋದ ಮೇಲೆ ಒಬ್ಬೊಬ್ಬರೇ ಕೆಳಗೆ, ಅದೇ ಗೋಣಿಯ ಮೇಲೆ.
ಇಬ್ಬರು ಮಾತ್ರ ಹಟಕ್ಕೆ ಬಿದ್ದು ಕಟ್ಟೆಯ ಮೇಲೇ ಹತ್ತಿ ಕೂತರು;
ಗಿರಾಕಿಗಳು ಕತ್ತೆತ್ತಿ ಬಂಗಡೆಯ ದರ ಕೇಳಿದರು,
ದೇವರಿಗೆ ಹರಕೆ ಹೇಳಿಕೊಂಡ ಹಾಗೆ.
ಈಗ ಕಟ್ಟೆಯ ಮೇಲೆ ಕೊಡೆಗಳು, ಊಟದ ಡಬ್ಬಿಗಳು,
ಒಂದು ಹಂಡಬಂಡ ಬೆಕ್ಕು.

ವರದಿಯಲ್ಲಿ ‘ಬಳಕೆ: ಶೇಕಡಾ ನೂರು’ ಎಂದು ಬರೆದೆ.
ಇಂಕ್ರಿಮೆಂಟಿನ ತಿಂಗಳು ಅದು.
ಬೆಕ್ಕನ್ನೂ ಸೇರಿಸಿಕೊಂಡೆ ಅಂತ
ನನಗೆ ನಾನೇ ಹೇಳಿಕೊಂಡೆ.

ಹಿಂದುಗಡೆ ಇನ್ನೆರಡು ಕೋಣೆ ಕಟ್ಟಿದ್ದರು.
‘ಅದು ಫ್ರೇಮಿನಲ್ಲಿ ಬೇಡ’ ಅಂದಿದ್ದರು ಸಾಹೇಬರು,
ಭಾಷಣದಲ್ಲೂ ಬರಲಿಲ್ಲ.
ಬಿಲ್ಲು ಮಾತ್ರ ನನ್ನ ಮೇಜಿಗೆ ಬಂತು:
ಬಾಗಿಲು ಎರಡು, ಒಳಗಿನ ಚಿಲಕ ಎರಡು, ನಲ್ಲಿ, ಬಕೆಟ್ಟು.
ಪಾಸು ಮಾಡಿ ಮರೆತೆ.

ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ
ಯಾವುದೋ ಸಹಿಗೆಂದು ಅಲ್ಲಿ ಇಳಿದೆ.
ಮೊಣಕಾಲು ಮಡಚಿ ಕೂತಿದ್ದಾಳೆ ಆಯಿ, ಮುಂದೆ ತಾರಲೆಯ ರಾಶಿ,
ಎಡಗೈಯಲ್ಲಿ ಚಾದ ಗ್ಲಾಸು.

ಮೂವತ್ತು ವರ್ಷ ‘ಚಾ ನಕಾ’ ಅಂದವಳು.
ಬೆಳಗಿನ ನಾಲ್ಕಕ್ಕೆ ದಕ್ಕೆಗೆ ಹೊರಟರೆ ಮಧ್ಯಾಹ್ನ ಒಂದರವರೆಗೆ
ಹನಿ ನೀರು ಮುಟ್ಟದವಳು.
ಆಯಿಗೆ ಚಾ ಸೇರುವುದಿಲ್ಲ ಎಂದೇ
ನಾನೂ ತಮ್ಮನೂ ಬೆಳೆದದ್ದು.
ಕಂಪನಿಯ ಆರೋಗ್ಯ ಶಿಬಿರದಲ್ಲಿ ವರ್ಷ ವರ್ಷವೂ
ಉರಿಮೂತ್ರದ ಗುಳಿಗೆ ಕೊಟ್ಟು ಡಾಕ್ಟರು ಬರೆಯುತ್ತಿದ್ದರು
‘ನೀರು ಹೆಚ್ಚು ಕುಡಿಯಿರಿ.’
ಆ ಚೀಟಿಗಳನ್ನೂ ನಾನೇ ಫೈಲಿಗೆ ಸೇರಿಸಿದ್ದೆ.

ಸೋಪಿನ ವಾಸನೆಯ ನನ್ನ ಕೈ
ಎಲ್ಲಿಡಬೇಕೆಂದು ತಿಳಿಯದೆ
ಗೋಣಿಯ ಅಂಚಿನಲ್ಲಿ ಅವಳ ಪಕ್ಕ ಕೂತೆ.
ಸೀರೆಗೆ ತೇವ ಹತ್ತಿತು.

‘ಇವನು ಸಕ್ಕರೆ ಕಮ್ಮಿ ಹಾಕ್ತಾನೆ’ ಅಂದಳು,
ಆದರೂ ಇನ್ನೊಂದು ತರಲು ಕೈಮಾಡಿದಳು, ನನಗೆ.
ಆಮೇಲೆ ಗ್ಲಾಸಿನಿಂದಲೇ ಆ ನುಣುಪು ಕಟ್ಟೆಯನ್ನು ತೋರಿಸಿ
‘ಅದನ್ನು ಒಡೆದು ಗೇಣೆತ್ತರ ಮಾಡಿಸಬೇಕಲ್ಲ,
ಅರ್ಜಿ ಯಾರಿಗೆ ಬರೀಬೇಕು,
ನಿನಗಾ?’