ಮಡಿಲಲ್ಲಿ ಯಾರದೋ ಹಲ್ಲು

ಉಲ್ಜಿರೊ ಓಣಿ, ಮೂರನೆಯ ಮಹಡಿ.
ಏಳು ಮಂದಿ ಮುದುಕರು, ಒಂದು ಹೀಟರು, ಒಂದು ಫೋನು.
ಒಂಬತ್ತೂವರೆಗೆ ಅದು ಹೊಡೆದುಕೊಂಡಾಗ ಸರದಿ ನನ್ನದು:
ಅಂಗೈಯಗಲದ ಪೆಟ್ಟಿಗೆ. ಒಳಗೆ ಯಾರದೋ ಹಲ್ಲುಸೆಟ್ಟು.
"ಕುಲುಕಬೇಡಿ. ಹನ್ನೊಂದರೊಳಗೆ. ಮೊರಾನ್."

ಅರವತ್ತೈದು ದಾಟಿದವರಿಗೆ ಸೋಲ್ ಮೆಟ್ರೋ ಪುಕ್ಕಟೆ,
ಹಾಗಾಗಿ ಊರಿಗೆ ನಾವು ಅಗ್ಗದ ಅಂಚೆ.
ಗೇಟಿಗೆ ಕಾರ್ಡು ಸೋಕಿಸಿದರೆ
ಉಳಿದವರಿಗೊಂದು ಬಣ್ಣದ ದೀಪ, ನಮಗೆ ಇನ್ನೊಂದು.
ಹಿಂದೆ ನಿಂತವನಿಗೆ ಅಷ್ಟು ಸಾಕು,
ಬೆನ್ನ ಮೇಲೆ ನೋಟ ಬೀಳುತ್ತದೆ
ಹಿಂಡದ ಟವೆಲಿನ ಹಾಗೆ.

ಬೋಗಿಯ ತುದಿಗೆ ನಮಗೆಂದೇ ಮೂರು ಸೀಟು.
ಮೇಲಿನ ಪರದೆಯಲ್ಲಿ ಮೆಟ್ರೋ ನಷ್ಟದ ಸುದ್ದಿ,
ಕಾರಣ ತೋರಿಸಲು ಒಂದು ಬೋಳುತಲೆಯ ಚಿತ್ರ, ಹಿಂದಿನಿಂದ.
ಟೋಪಿಯ ಹುಡುಗ ಚಿತ್ರ ನೋಡಿದ, ನನ್ನ ನೋಡಿದ,
ತಾಳೆ ಹಾಕಿದಂತೆ.

ಭೂಮಿಗೆ ಭಾರ ಅನ್ನುತ್ತಾರಲ್ಲ,
ಇಲ್ಲಿ ಲೆಕ್ಕ ತಿರುಗಾಮುರುಗಾ.
ಮೂವತ್ತು ಮೀಟರು ಕೆಳಗೆ ಕೂತವನು ನಾನು;
ಭೂಮಿಯೇ ನನ್ನ ತಲೆಯ ಮೇಲಿದೆ,
ಅದರ ಬ್ಯಾಂಕು, ಬಸ್ಸು, ಆ ಹುಡುಗನ ಕಾಲೇಜು ಸಮೇತ.

ಚುಂಗ್ಮುರೊದ ಅಚ್ಚುಕೂಟದಲ್ಲಿ ಇಪ್ಪತ್ತೆರಡು ವರ್ಷ ಮೊಳೆ ಜೋಡಿಸಿದೆ.
ಸೀಸದ ಅಕ್ಷರ ಯಾವಾಗಲೂ ತಿರುಗುಮುಖ.
ಅದಕ್ಕೇ ಸುರಂಗದ ಕಪ್ಪು ಗಾಜಿನಲ್ಲಿ
ಎದುರುಗೋಡೆಯ ಜಾಹೀರಾತೆಲ್ಲ ನನಗೆ ಸಲೀಸು:
ಮೊಣಕಾಲಿಗೆ ಮುಲಾಮು, ಸಾವಿಗೆ ಮುಂಗಡ ಬುಕಿಂಗು.
ನಮ್ಮ ಲಿಪಿಯಲ್ಲಿ ಸಕಾರ ಹಲ್ಲಿನ ಆಕಾರ,
ಎರಡು ಗೆರೆ, ಮೇಲೆ ಕೂಡಿ ಕೆಳಗೆ ಕವಲು.
ಆ ಮೊಳೆ ಬೇಗ ಸವೆಯುತ್ತಿತ್ತು.
ಮಡಿಲಲ್ಲಿ ಪೆಟ್ಟಿಗೆ. ಎಷ್ಟು ಸಕಾರವಿರಬಹುದು ಒಳಗೆ?
ಎಣಿಸಬಾರದು. ಕುಲುಕಬಾರದು.

ಕ್ಲಿನಿಕ್ಕಿನ ಹುಡುಗಿ ಒಳ್ಳೆಯವಳೇ.
ಕಿವುಡನಲ್ಲದ ನನಗೆ ಕೂಗಿ ಹೇಳಿದಳು:
"ಕೂತ್ಕೊಳ್ಳಿ ಅಜ್ಜಾ! ರಸೀದಿ ಕೊಡ್ತೀನಿ!"
ಎದುರಿಗೆ ಒಬ್ಬಾಕೆ, ನೇರಳೆ ಕೋಟು,
ಬಾಯಿಗೆ ಕೈ ಅಡ್ಡ,
ನಗು ಬಂದವರಂತೆ. ನಗು ಬಂದಿರಲಿಲ್ಲ.
ಪೆಟ್ಟಿಗೆ ನೋಡಿದಳು. ಆಮೇಲೆ ನನ್ನ.
ಇಪ್ಪತ್ತು ನಿಲ್ದಾಣ ತನ್ನ ಬಾಯಿ ಹೊತ್ತು ತಂದವನಿಗೆ
ತಲೆ ಬಾಗಿಸಿದಳು, ಕೈ ತೆಗೆಯದೆ.
"ಬನ್ನಿ ಅಜ್ಜೀ," ಅಂತ ಒಳಗೆ ಕರೆದರು,
ಮಗುವನ್ನು ಸ್ನಾನಕ್ಕೆ ಕರೆಯುವ ದನಿಯಲ್ಲಿ.

ರಸೀದಿಯ ಯಂತ್ರಕ್ಕೆ ಕಾಗದ ಮುಗಿದಿತ್ತು.
ಬಾಗಿಲು ಅರ್ಧ ತೆರೆದಿತ್ತು.
ಟಕ್, ಟಕ್, ಕಚ್ಚಿ ನೋಡಿ. ಇನ್ನೊಮ್ಮೆ.
ಏನಾದರೂ ಮಾತಾಡಿ ಅಜ್ಜೀ, ಏನಾದರೂ.
ಸುಮ್ಮನಿದ್ದಳು.
ಎಷ್ಟು ಹೊತ್ತೆಂದರೆ ಮೀನಿನ ತೊಟ್ಟಿಯ ಗುಳ್ಳೆ ಕೇಳಿಸಿತು.
ಆಮೇಲೆ, ಹೊಸ ಕತ್ತರಿ ಬಟ್ಟೆಗೆ ಇಳಿದ ಹಾಗೆ:

"ಸೊಕ್ ಸುನ್‌ಸಿಮ್.
ಕಾರ್ಡಿನಲ್ಲಿ ಬರೆದಿದೆ. ಓದಿಕೊಳ್ಳಿ."

ಒಂದಲ್ಲ, ಮೂರು ಸಕಾರ. ಒಂದೂ ಸವೆದಿರಲಿಲ್ಲ.
ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವವರು
ಆಕೆ ಹೊರಬಂದ ಠೀವಿ ನೋಡಬೇಕಿತ್ತು.
ನನಗೆ ಏನೂ ಹೇಳಲಿಲ್ಲ.
ಕೊಡೆ ಮರೆತಿದ್ದಳು, ತಿರುಗಿ ಬಂದು ಒಯ್ದಳು.

ವಾಪಸು ಬರುವಾಗ ಸೀಟು ಖಾಲಿ, ಕೂರಲಿಲ್ಲ.
ಕಮಿಷನ್ ಹೋಗಿ ಏಳು ಸಾವಿರ ವೊನ್, ಒಂದು ಬಟ್ಟಲು ನೂಡಲ್ಸಿಗೆ ತುಸು ಕಡಿಮೆ.
ಗಾಡಿ ಸುರಂಗದಲ್ಲಿ ಅರಚುವಾಗ
ನಾನೂ ಹೇಳಿಕೊಳ್ಳಬಹುದು, ಯಾರಿಗೂ ಕೇಳಿಸದು:
ಮೇಂಗ್ ಚುನ್‌ಗಿಲ್.
ಮೊದಲಕ್ಷರ ಮಕಾರ. ನಮ್ಮಲ್ಲಿ ಅದು ಬಾಯಿಯ ಆಕಾರ,
ಒಂದು ಚೌಕ, ಮುಚ್ಚಿದ ಪೆಟ್ಟಿಗೆ.
ಬಾಯಿಸತ್ತ ಮುದುಕ ಅಂದುಕೊಂಡಿರಬೇಕು ಟೋಪಿಯ ಹುಡುಗ.
ತುಟಿ ಕೂಡಿದ್ದು ಸುಮ್ಮನಿರುವುದಕ್ಕಲ್ಲ, ತಮ್ಮಾ,
ಹೆಸರು ಶುರುವಾಗುವುದೇ ಅಲ್ಲಿಂದ.

ಫೋನು. ಹೂವಿನ ಹಾರವಂತೆ, ನನ್ನ ಎದೆಯೆತ್ತರ.
ಯಾರದೋ ನಿವೃತ್ತಿಗೆ.